ಕುಕ್ಕರ್ ತರಬೇಕಾ ಅಂತ ಕೇಳುವವರಿಗೆ

ನಮ್ಮ ಕಡೆಯಿಂದ ಇಂಗ್ಲೆಂಡಿಗೆ ಹೊರಟವರು ತಿಂಗಳಿಗೆ ಒಬ್ಬರಾದರೂ ನನಗೆ ಫೋನ್ ಮಾಡುತ್ತಾರೆ. ಗಂಗಾವತಿಯವರು, ಸಿಂಧನೂರಿನವರು, ಮೊನ್ನೆ ಸಿರುಗುಪ್ಪದ ಒಂದು ಜೋಡಿ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ. "ಅಕ್ಕಾರೆ, ಕುಕ್ಕರ್ ತರಬೇಕೇನ್ರಿ?" ತನ್ನಿ. ರೊಟ್ಟಿ ಹಂಚೂ ತನ್ನಿ. ಆದರೆ ಇಪ್ಪತ್ತನೇ ತಾರೀಖಿಗೇ ಸಂಬಳ ಮುಗಿದರೆ ಆ ಕುಕ್ಕರಿಗೆ ಏನು ಹಾಕಬೇಕು ಅಂತ ಯಾರೂ ಕೇಳುವುದಿಲ್ಲ. ಹೋಗುವಾಗ ನಾನೂ ಕೇಳಿರಲಿಲ್ಲ. ಈಗ ರಜೆಗೆ ಬಂದು ಕಾರಟಗಿ ಹತ್ತಿರ ಅವ್ವನ ಮನೆ ಪಡಸಾಲೆಯಲ್ಲಿ ಕೂತಿದ್ದೇನೆ. ಹೊಟ್ಟೆ ತುಂಬಿದೆ, ಬಿಡುವೂ ಇದೆ. ಬರೆದುಬಿಡುತ್ತೇನೆ.

ಕಾಗದಪತ್ರದ್ದು ಬೇಗ ಮುಗಿಸೋಣ. ಇ-ವೀಸಾ ಖಾತೆ, ಬ್ಯಾಂಕ್ ಖಾತೆ, ಕೆಲಸಕ್ಕೆ ಬೇಕಾಗುವ ನ್ಯಾಷನಲ್ ಇನ್ಶೂರೆನ್ಸ್ ನಂಬರು, ಜಿಪಿ (ಮನೆ ಹತ್ತಿರದ ಡಾಕ್ಟರು) ಹತ್ತಿರ ಹೆಸರು ಬರೆಸೋದು, ಎಲ್ಲ ಮೊದಲ ಎರಡು ವಾರದಲ್ಲಿ ಶುರು ಮಾಡಿ. ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಹೆಲ್ತ್ ಸರ್‌ಚಾರ್ಜ್ ಅಂತ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್ ವೀಸಾ ಹೊತ್ತಿಗೇ ಕಟ್ಟಿರುತ್ತೀರಿ. ಕೈಯಲ್ಲಿದ್ದ ಗಂಟು ಕರಗೋದು ಅಲ್ಲಿಂದಲೇ.

ನಮ್ಮ ಗಂಟು ಪೂರ್ತಿ ಕರಗಿದ್ದು 2022ರ ಚಳಿಗಾಲದಲ್ಲಿ. ಆಗ ನಾವು ಲಂಡನ್ ಹತ್ತಿರದ ಸ್ಲೌನಲ್ಲಿದ್ದೆವು. ನನ್ನ ಗೋದಾಮಿನ ಕೆಲಸ ಡಿಸೆಂಬರಿನಲ್ಲಿ ಹೋಯಿತು. ಉಳಿದದ್ದು ಮನೆಯವರೊಬ್ಬರ ಸಂಬಳ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೇ ಹೋಗುತ್ತಿತ್ತು. ಮೇಲಿಂದ ಕರೆಂಟು, ಗ್ಯಾಸು. 2023ರ ಮಾರ್ಚ್ ಹೊತ್ತಿಗೆ ಆ ದೇಶದಲ್ಲಿ ಊಟದ ಸಾಮಾನಿನ ಬೆಲೆ ಒಂದೇ ವರ್ಷದಲ್ಲಿ ಶೇ. 19ಕ್ಕಿಂತ ಜಾಸ್ತಿ ಏರಿತ್ತು. ನೂರು ಪೌಂಡಿಗೆ ಬರುತ್ತಿದ್ದ ಚೀಲ ನೂರಾ ಹತ್ತೊಂಬತ್ತು. ಸಂಬಳ ಮಾತ್ರ ಅಷ್ಟೇ.

ಇಷ್ಟಾದರೂ ನಾನು ಮಾಡಿದ ಕೆಲಸ ಕೇಳಿ. ಸಂಕ್ರಾಂತಿಗೆ ಹನ್ನೊಂದು ಜನರನ್ನು ಊಟಕ್ಕೆ ಕರೆದೆ! ಪ್ರತಿ ವರ್ಷ ಕರೆಯುತ್ತಿದ್ದೆ, ಈ ವರ್ಷ ಬಿಟ್ಟರೆ ಜನ ಏನಂದಾರು? ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳು ಪಲ್ಯ, ಶೇಂಗಾ ಹೋಳಿಗೆ. ಎಲ್ಲ ಕ್ರೆಡಿಟ್ ಕಾರ್ಡಿನ ಮೇಲೆ. ಎಲ್ಲರೂ ಉಂಡರು, ಹೊಗಳಿದರು, ಹೋದರು. ಮುಂದಿನ ವಾರ ಪೂರ್ತಿ ರಾತ್ರಿ ಮಕ್ಕಳಿಗೆ ಬ್ರೆಡ್ಡು, ಹಾಲು. ನಾವಿಬ್ಬರೂ ಬರೀ ಚಹಾ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆವತ್ತು ಬಂದವರಲ್ಲಿ ರಾಯಚೂರು ಕಡೆಯ ಒಬ್ಬ ಅಕ್ಕ ಇದ್ದರು. ಮೊಸರು ಹುಡುಕುತ್ತಾ ಫ್ರಿಜ್ ತೆಗೆದಿದ್ದರು. ಆಗ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಫೋನ್ ಮಾಡಿದರು. "ಯಾಕ ತಂಗಿ, ನಿನ್ನ ಫ್ರಿಜ್ಜಿನ್ಯಾಗ ಬರೇ ಲೈಟ್ ಇತ್ತಲ್ಲ?"

ನಾನು ಅತ್ತೆ. ಅವರು ಅಳೋಕೆ ಬಿಟ್ಟರು. ಆಮೇಲೆ, ಹೋದ ವರ್ಷ ತಾವೇ ಎರಡು ಸಲ ಫುಡ್ ಬ್ಯಾಂಕಿಗೆ, ಅಂದರೆ ಕಷ್ಟದಲ್ಲಿದ್ದವರಿಗೆ ಪುಕ್ಕಟೆ ಊಟದ ಸಾಮಾನು ಕೊಡುವ ಜಾಗಕ್ಕೆ, ಹೋಗಿದ್ದೆ ಅಂತ ಹೇಳಿದರು. ಕಿವಿ ನಂಬಲಿಲ್ಲ. ಒಂದೇ ಸೀರೆ ಎರಡು ಸಲ ಉಡದ ಹೆಂಗಸು ಅವರು!

ಈಗ ಮುಖ್ಯ ವಿಷಯ. ನಿಮ್ಮ ವೀಸಾ ಮೇಲೆ "ನೋ ಪಬ್ಲಿಕ್ ಫಂಡ್ಸ್" ಅಂತ ಇರುತ್ತದೆ, ಅಂದರೆ ಸರ್ಕಾರದ ಸಹಾಯಧನ ನಿಮಗಿಲ್ಲ ಅಂತ. ಅದನ್ನು ನೋಡಿ ನಾವು ಹೆದರಿಬಿಡುತ್ತೇವೆ. ಫುಡ್ ಬ್ಯಾಂಕಿನ ಮೆಟ್ಟಿಲು ಹತ್ತಿದರೆ ವೀಸಾ ಹೋಗುತ್ತದೆ ಅಂತ ವಾಟ್ಸಾಪಿನಲ್ಲಿ ಯಾರೋ ಬರೆದಿದ್ದರು. ನಾನು ಆರು ವಾರ ಅದನ್ನೇ ನಂಬಿ ಕೂತಿದ್ದೆ. ಅದು ಶುದ್ಧ ಸುಳ್ಳು. ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಹೌಸಿಂಗ್ ಬೆನಿಫಿಟ್ ಪಬ್ಲಿಕ್ ಫಂಡ್ಸ್. ಅವಕ್ಕೆ ಸುಮ್ನೆ ಅರ್ಜಿ ಹಾಕಲು ಹೋಗಬೇಡಿ. ಫುಡ್ ಬ್ಯಾಂಕ್ ಸರ್ಕಾರದ್ದಲ್ಲ, ಜನ ನಡೆಸುವ ಧರ್ಮಕಾರ್ಯ. ಅದು ಆ ಪಟ್ಟಿಯಲ್ಲೇ ಇಲ್ಲ. ಮಕ್ಕಳ ಶಾಲೆ ಊಟವೂ ಆ ಪಟ್ಟಿಯಲ್ಲಿಲ್ಲ.

ಅಲ್ಲಿ ಟ್ರಸೆಲ್ ಅಂತ ದೊಡ್ಡ ಸಂಸ್ಥೆ ಇದೆ. 2000ದಲ್ಲಿ ಸಾಲ್ಸ್‌ಬರಿ ಊರಲ್ಲಿ ಮೊದಲ ಫುಡ್ ಬ್ಯಾಂಕ್ ತೆಗೆದವರು. 2023-24ರ ಒಂದೇ ವರ್ಷದಲ್ಲಿ ಅವರು 31 ಲಕ್ಷಕ್ಕೂ ಜಾಸ್ತಿ ಪೊಟ್ಟಣ ಕೊಟ್ಟಿದ್ದಾರೆ. ಸಾಲಿನಲ್ಲಿ ನಿಂತವರು ನೀವೊಬ್ಬರೇ ಅಲ್ಲ, ನಿಮ್ಮ ಹಿಂದೆ ಬೆಳ್ಳಗಿನ ಇಂಗ್ಲಿಷ್ ಅಜ್ಜಿಯೂ ಇರುತ್ತಾಳೆ. ಅವರಲ್ಲಿಗೆ ನೇರ ಹೋದರೆ ಆಗೋದಿಲ್ಲ, ವೋಚರ್ ಬೇಕು. ಜಿಪಿ, ಮಕ್ಕಳ ಶಾಲೆ, ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ, ಇವರಲ್ಲಿ ಯಾರಾದರೂ ಬರೆದುಕೊಡುತ್ತಾರೆ. ಕನಿಷ್ಠ ಮೂರು ದಿನಕ್ಕಾಗುವಷ್ಟು ಸಾಮಾನು ಸಿಗುತ್ತದೆ. ವೋಚರ್ ಕೇಳದ ಸಣ್ಣಪುಟ್ಟ ಫುಡ್ ಬ್ಯಾಂಕ್‌ಗಳೂ ಇವೆ. ಅವು ವಾರದಲ್ಲಿ ಒಂದೆರಡು ದಿನ, ಒಂದೆರಡು ತಾಸು ಮಾತ್ರ ತೆರೆದಿರುತ್ತವೆ. ಹೊತ್ತು ಕೇಳಿಕೊಂಡು ಹೋಗಿ.

ಚೀಲ ಒಯ್ಯಿರಿ. ನಾನು ಮೊದಲ ಸಲ ಒಯ್ದಿದ್ದು ಸೋನಾ ಮಸೂರಿಯ ಹತ್ತು ಕಿಲೋ ಖಾಲಿ ಚೀಲ. ಜಿಪ್ ಇದೆ, ಹಿಡಿಕೆ ಇದೆ, ನಾವ್ಯಾರೂ ಅಂಥ ಚೀಲ ಬಿಸಾಡೋದಿಲ್ಲ ಅಲ್ವಾ. ಚರ್ಚಿನ ಹಾಲಿನಲ್ಲಿ ಒಬ್ಬ ಮುದುಕಿ ಚಹಾ ಕೊಟ್ಟು, ಚೀಲ ನೋಡಿ, ಇದು ನಿಮ್ಮೂರ ಅಕ್ಕಿಯಾ ಅಂತ ಕೇಳಿದಳು. ಹೌದು ಅಂದೆ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಅಪ್ಪನ ಎರಡು ಎಕರೆ ಗದ್ದೆ ಇದೆ. ಭತ್ತದ ಕಣಜ ಅನ್ನಿಸಿಕೊಂಡ ಸೀಮೆಯವಳು ನಾನು. ಆ ಅಕ್ಕಿಯ ಖಾಲಿ ಚೀಲದೊಳಗೆ ಅವಳು ಒಂದೊಂದೇ ಡಬ್ಬಿ ಇಳಿಸುತ್ತಿದ್ದಳು. ಸದ್ದಾಗದಂತೆ ಮೆಲ್ಲಗೆ ಇಡುತ್ತಿದ್ದಳು. ಅದನ್ನು ನೋಡೋಕೆ ಆಗದೆ ಗೋಡೆ ಮೇಲಿನ ಗಡಿಯಾರ ನೋಡುತ್ತಾ ನಿಂತೆ.

ಮನೆಗೆ ಬಂದು ನೋಡಿದರೆ ಒಂದು ಡಬ್ಬಿಯಲ್ಲಿ ದನದ ಮಾಂಸದ ಸೂಪು. ನಮ್ಮದು ತತ್ತಿಯನ್ನೂ ಮುಟ್ಟದ ಮನೆ. ತಪ್ಪು ಅವರದಲ್ಲ. ಏನು ತಿನ್ನುತ್ತೀರಿ, ಏನು ತಿನ್ನೋದಿಲ್ಲ ಅಂತ ಅವರು ಕೇಳಿದ್ದರು. ಬೇಡುವವರಿಗೆ ಆಯ್ಕೆ ಯಾಕೆ ಅಂತ ನಾನೇ "ಏನಾದರೂ ನಡೆಯುತ್ತದೆ" ಅಂದಿದ್ದೆ. ನೀವು ಹಾಗೆ ಅನ್ನಬೇಡಿ. ಮಾಂಸ, ಮೀನು, ತತ್ತಿ ಬೇಡ ಅಂತ ಬಾಯಿಬಿಟ್ಟು ಹೇಳಿ. ಕಡಲೆ, ಬೀನ್ಸ್, ಟೊಮ್ಯಾಟೊ, ಓಟ್ಸ್ ಜಾಸ್ತಿ ಹಾಕಿಕೊಡುತ್ತಾರೆ. ಬೇಕ್ಡ್ ಬೀನ್ಸ್ ಸಿಹಿ, ಬಾಯಿಗಿಡೋಕಾಗಲ್ಲ. ಜರಡಿಯಲ್ಲಿ ಹಾಕಿ ಆ ಕೆಂಪು ಸಾರು ತೊಳೆದುಬಿಡಿ. ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ಒಗ್ಗರಣೆ ಕೊಟ್ಟು, ಇಳಿಸುವಾಗ ಒಂದು ಹಿಡಿ ಗುರೆಳ್ಳು ಪುಡಿ. ನಡೆಯುತ್ತದೆ. ಓಟ್ಸಿನಿಂದ ಉಪ್ಪಿಟ್ಟು. ಅದಕ್ಕೇ ಹೇಳೋದು, ಪೆಟ್ಟಿಗೆಯಲ್ಲಿ ಎರಡು ಕಿಲೋ ಗುರೆಳ್ಳು ಪುಡಿಗೆ ಜಾಗ ಇರಲಿ. ಕುಕ್ಕರಿಗಿಂತ ಅದು ಮುಖ್ಯ.

ಆ ಚೀಲ ಬಿಚ್ಚುವಾಗ ಮಗಳು ಪಕ್ಕದಲ್ಲಿದ್ದಳು. ಆಗ ಎಂಟು ವರ್ಷ. ಅಲ್ಲಿನ ಶಾಲೆಗಳಲ್ಲಿ ಸುಗ್ಗಿ ಹೊತ್ತಿಗೆ ಹಾರ್ವೆಸ್ಟ್ ಫೆಸ್ಟಿವಲ್ ಅಂತ ಮಾಡುತ್ತಾರೆ, ಮಕ್ಕಳು ಮನೆಯಿಂದ ಡಬ್ಬಿ ಒಯ್ದು ಫುಡ್ ಬ್ಯಾಂಕಿಗೆ ಕೊಡುತ್ತಾರೆ. ಅಕ್ಟೋಬರಿನಲ್ಲಿ ಅವಳೂ ಒಂದು ಮೆಕ್ಕೆಜೋಳದ ಡಬ್ಬಿ ಒಯ್ದಿದ್ದಳು. ಈಗ ಅಂಥದ್ದೇ ಹಸಿರು ಡಬ್ಬಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಅಮ್ಮಾ, ಇದು ನಾನು ಕೊಟ್ಟಿದ್ದಲ್ವಾ?" ಇರಲಾರದು ಅಂದೆ. ಅವಳು ಮಾತ್ರ ತನ್ನದೇ ಅಂತ ಖುಷಿಯಾಗಿ ತಿಂದಳು.

ಶಾಲೆಯ ವಿಷಯದಲ್ಲೂ ನಂದು ದಡ್ಡತನವೇ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್, ಇಯರ್ ಒನ್, ಇಯರ್ ಟೂ, ಅಂದರೆ ಮೊದಲ ಮೂರು ತರಗತಿಯ ಮಕ್ಕಳಿಗೆಲ್ಲ 2014ರಿಂದ ಮಧ್ಯಾಹ್ನದ ಊಟ ಪುಕ್ಕಟೆ. ಮಗನಿಗೆ ಸಿಗುತ್ತಿತ್ತು. ಮಗಳು ದೊಡ್ಡ ತರಗತಿ, ಅವಳಿಗೆ ಅರ್ಜಿ ಹಾಕಬೇಕಿತ್ತು. ನಮ್ಮಂಥ ವೀಸಾದವರ ಮಕ್ಕಳೂ ಹಾಕಬಹುದು ಅಂತ 2022ರಲ್ಲೇ ಕಾಯಂ ಮಾಡಿದ್ದರು. ಆದಾಯಕ್ಕೆ ಮಿತಿ ಇದೆ, ಶಾಲೆಯ ಆಫೀಸಿನಲ್ಲಿ ಕೇಳಿ. ಆ ಫಾರ್ಮು ನಮ್ಮ ಮನೆಗೆ ಬಂದಿತ್ತು. "ಇದು ಬಡವರಿಗೆ" ಅಂತ ಅದರ ಹಿಂಬದಿಯಲ್ಲಿ ನಾನು ಕಿರಾಣಿ ಪಟ್ಟಿ ಬರೆದಿದ್ದೆ.

ಇನ್ನು ಸಣ್ಣ ಉಪಾಯಗಳು. ಸೂಪರ್ ಮಾರ್ಕೆಟ್ಟಿಗೆ ಸಂಜೆ ಮೇಲೆ ಹೋಗಿ, ಹಳದಿ ಚೀಟಿ ಅಂಟಿಸಿದ ಸಾಮಾನು ಅಗ್ಗ. ಉಳಿದ ಊಟ ಅಗ್ಗಕ್ಕೋ ಪುಕ್ಕಟೆಯೋ ಸಿಗುವ ಟೂ ಗುಡ್ ಟು ಗೋ, ಓಲಿಯೋ ಎರಡೂ ಆ್ಯಪ್ ಫೋನಿನಲ್ಲಿರಲಿ. ಮತ್ತೆ ಸಿಖ್ಖರ ಗುರುದ್ವಾರ. ತಲೆ ಮುಚ್ಚಿಕೊಳ್ಳಿ, ಚಪ್ಪಲಿ ಬಿಡಿ, ಸಾಲಿನಲ್ಲಿ ಕೂತು ಉಣ್ಣಿ. ಯಾವ ದೇಶ, ಯಾವ ಜಾತಿ, ಯಾವ ವೀಸಾ, ಯಾರೂ ಕೇಳೋದಿಲ್ಲ. ಉಂಡ ಮೇಲೆ ಒಂದು ತಾಸು ತಾಟು ತೊಳೆದು ಬನ್ನಿ. ಮೊದಲ ಸಲ ಲಂಗರಿನ, ಅಂದರೆ ಅವರ ದಾಸೋಹದ, ಸಾಲಿನಲ್ಲಿ ಕೂತಾಗ ನನಗೆ ಕೊಪ್ಪಳದ ಗವಿಮಠ ನೆನಪಾಯಿತು. ಜಾತ್ರೆಗೆ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿ ಬರುತ್ತವೆ. ನಮ್ಮ ಓಣಿಯ ಹೆಂಗಸರೆಲ್ಲ ಕೂತು ಬಡಿದ ರೊಟ್ಟಿ. ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ಕಾರಿನಲ್ಲಿ ಬಂದವನೂ ಅದೇ ಸಾಲು, ನಡೆದು ಬಂದವನೂ ಅದೇ ಸಾಲು. ಅಲ್ಲಿ ಕೂತು ಉಣ್ಣೋಕೆ ನನಗೆ ಯಾವತ್ತೂ ನಾಚಿಕೆ ಆಗಿರಲಿಲ್ಲ. ಸ್ಲೌನಲ್ಲಿ ಯಾಕೆ ಆಯಿತು?

ಇದನ್ನು ಯೋಚಿಸಿದರೆ ನಮ್ಮವರ ಮೇಲೂ ಸಿಟ್ಟು ಬರುತ್ತದೆ. ಲಂಡನ್ನಿನಲ್ಲಿ ಥೇಮ್ಸ್ ದಂಡೆ ಮೇಲೆ, ಲ್ಯಾಂಬೆತ್‌ನಲ್ಲಿ, 2015ರಿಂದ ಬಸವಣ್ಣನವರ ಪ್ರತಿಮೆ ಇದೆ. ಹೋಗುತ್ತೇವೆ, ಹಾರ ಹಾಕುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಕಾಯಕ, ದಾಸೋಹ ಅಂತ ಭಾಷಣ ಮಾಡುತ್ತೇವೆ. ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ನಿಂತವಳ ಫ್ರಿಜ್ಜಿನಲ್ಲಿ ಬರೀ ಲೈಟ್ ಇರಬಹುದು. "ಊಟ ಆಯ್ತಾ?" ಅಂತ ಕೇಳಿದರೆ ಅವಳು ಆಯ್ತು ಅಂತಲೇ ಅನ್ನುತ್ತಾಳೆ. ನಾನೂ ಅಂದಿದ್ದೆ. ಅದಕ್ಕೇ ಈಗ ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ಚಟ್ನಿ ಜಾಸ್ತಿ ಆಯ್ತು, ಅನ್ನ ಜಾಸ್ತಿ ಆಯ್ತು ಅಂತ ಡಬ್ಬಿ ಕೊಟ್ಟು ಬರುತ್ತೇನೆ. ನೀವು ಹೊಸಬರು, ಯಾರಾದರೂ ಹೀಗೆ ಡಬ್ಬಿ ತಂದರೆ ಬೇಡ ಅನ್ನಬೇಡಿ. ಡಬ್ಬಿ ವಾಪಸ್ ಕೊಡುವಾಗ ಖಾಲಿ ಕೊಡಬಾರದು ಅಂತ ಒದ್ದಾಡಬೇಡಿ. ಖಾಲಿ ಕೊಡಿ.

ಅವ್ವನಿಗೆ ಇದ್ಯಾವುದನ್ನೂ ಹೇಳಿರಲಿಲ್ಲ, ಅವಳೇ ಅಕ್ಕಿ ಮಾತು ತೆಗೆದಾಗಲೂ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಮರುವರ್ಷ ಸೆಪ್ಟೆಂಬರಿನವರೆಗೂ ಆ ನಿಷೇಧ ಇತ್ತು. ಸ್ಲೌನ ಅಂಗಡಿಯಲ್ಲಿ ನಮ್ಮ ಸೋನಾ ಮಸೂರಿ ಚೀಲದ ಬೆಲೆ ಏರಿತು. ಅದೇ ತಿಂಗಳು ಅವ್ವ ಫೋನಿನಲ್ಲಿ, "ಈ ಸಲ ಅಕ್ಕಿ ಬದ್ಲಿ ರೊಕ್ಕ ಬಂದೈತಿ" ಅಂದಳು. ಅನ್ನಭಾಗ್ಯದ ಹೆಚ್ಚಿನ ಐದು ಕಿಲೋಗೆ ಅಕ್ಕಿ ಸಿಗದೆ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದ್ದರು. ರೊಕ್ಕ ಬೇಯಿಸಿ ಉಣ್ಣೋದು ಹೆಂಗ ಅಂತ ಬೈದಳು. ಅವ್ವ ಪ್ರತಿ ತಿಂಗಳು ಚೀಲ ಹಿಡಿದು ರೇಷನ್ ಅಂಗಡಿಗೆ ಹೋಗುತ್ತಾಳೆ, ಹೆಬ್ಬಟ್ಟು ಒತ್ತುತ್ತಾಳೆ, ತೂಕ ಕಮ್ಮಿ ಇದ್ದರೆ ಜಗಳ ಮಾಡುತ್ತಾಳೆ. ನನಗೆ ಅವಳ ಆ ಜಗಳಗಂಟಿ ಗುಣದಲ್ಲಿ ಕಾಲುಭಾಗವೂ ಬರಲಿಲ್ಲ.

ಈ ಜನವರಿಯಲ್ಲಿ ಮಕ್ಕಳಿಗೆ ಎರಡು ದಿನ ಶಾಲೆ ತಪ್ಪಿಸಿ ಗವಿಮಠದ ಜಾತ್ರೆಗೆ ಕರೆದುಕೊಂಡು ಹೋದೆ. ಮಗನಿಗೆ ಈಗ ಎಂಟು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಯಾರೋ ಚಪ್ಪಾಳೆ ಹೊಡೆಯುತ್ತಿದ್ದಾರೆ ಅಂದುಕೊಂಡಿದ್ದ. ದಾಸೋಹದ ಸಾಲು ನೋಡಿ ನನ್ನ ಸೆರಗು ಜಗ್ಗಿದ. "ಅಮ್ಮಾ, ವೋಚರ್ ತಂದಿದ್ದೀಯಾ?" ಅವ್ವ ತಿರುಗಿ, ಅದೇನದು ವೋಚರ್ ಅಂದಳು. ಅಲ್ಲೇ ಸಾಲಿನಲ್ಲಿ ನಿಂತು, ಮೂರು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದೆ. ಚರ್ಚು, ಚೀಲ, ಡಬ್ಬಿ, ಎಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯಲ್ಲಿದ್ದ ಮಿರ್ಚಿ ಮುರಿದು ಅರ್ಧ ಮೊಮ್ಮಗನಿಗೆ ಕೊಟ್ಟಳು.

"ಅಲ್ಲಿ ಮಿರ್ಚಿ ಕೊಡ್ತಾರೇನು?"

"ಇಲ್ಲವ್ವಾ. ಬೀನ್ಸ್ ಕೊಡ್ತಾರ."