ಗುಂಡಿಯ ಬುಡದಿಂದ ಮೇಲಕ್ಕೆ

ಚಳ್ಳಕೆರೆ ಕಡೆಯ ಕೆಂಪು ಮರಳುಮಣ್ಣಿನಲ್ಲಿ ಹುಳ ಎಣಿಸಲು ಹೊರಟಾಗ ನಾನು ಮೊದಲು ಕೆರೆದದ್ದು ಮೇಲಿನ ಎರಡೇ ಇಂಚು, ಅದೂ ಏಪ್ರಿಲ್‌ ಮಧ್ಯಾಹ್ನ. ಬಾಟಲಿಗೆ ಬಿದ್ದದ್ದು ನಾಲ್ಕು ಇರುವೆ, ಒಂದು ಚಮಚ ಮರಳು. 'ಜೀವವಿಲ್ಲದ ಮಣ್ಣು' ಎಂದು ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ.

ಆ ಮಾತು ತಪ್ಪು. ಅರ್ಧ ತಪ್ಪು ಹುಳ ಇಳಿಸಲು ಬಳಸಿದ ಬಲ್ಬಿನದು. ಜರಡಿಯ ಮೇಲೆ ಮಣ್ಣಿಟ್ಟು ಮೇಲಿಂದ ಬಿಸಿ ಕೊಟ್ಟರೆ ಹುಳಗಳು ತಂಪು ಹುಡುಕುತ್ತಾ ಇಳಿದು, ಆಲಿಕೆಯ ಮೂಲಕ ಕೆಳಗಿನ ಮದ್ಯಸಾರಕ್ಕೆ ಬೀಳುತ್ತವೆ. ಇಟಲಿಯ ಕೀಟತಜ್ಞ ಬರ್ಲೆಸಿ 1905ರಲ್ಲಿ ಮಾಡಿದ ಉಪಾಯ ಇದು. ಬಲ್ಬು ಸೇರಿಸಿದ್ದು ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್. ನನ್ನ 60 ವ್ಯಾಟ್ ಬಲ್ಬು, ಇಳಿಯುವಷ್ಟು ಪುರುಸೊತ್ತೂ ಕೊಡದೆ ಎಲ್ಲವನ್ನೂ ಹುರಿದುಹಾಕಿತ್ತು. 25ಕ್ಕೆ ಇಳಿಸಿ ಐದು ದಿನ ಬಿಡತೊಡಗಿದೆ.

ಇನ್ನರ್ಧ ತಪ್ಪು ಆಳದ್ದು. ಮೂರಡಿ ಗುಂಡಿ ತೋಡಲು ಬಂದ ಅಜ್ಜ ಹಾರೆ ಇಳಿಸಿ ಸುತ್ತ ನೋಡಿ, "ನಿಧಿಗಿಧಿ ಏನಾರ ಐತಾ ಸಾರ್?" ಎಂದ. ದುರ್ಗದ ಸೀಮೆಯಲ್ಲಿ ಕೇಳಲೇಬೇಕಾದ ಪ್ರಶ್ನೆ! ಮಣ್ಣು ತೆಗೆಯುವಾಗ ಬುಡದಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಮೇಲಿಂದ ಕೆರೆದರೆ ಉದುರಿದ ಮಣ್ಣು ಕೆಳಗಿನದರಲ್ಲಿ ಬೆರೆತು, ಮೇಲಿನ ಹುಳವೇ ಆಳದ್ದೆಂದು ಲೆಕ್ಕಕ್ಕೆ ಸೇರುತ್ತದೆ. ಎರಡು ಗುಂಡಿ ಕೆಟ್ಟ ಮೇಲೆ ಕಲಿತದ್ದು.

ಬಯಲಿನ ಗುಂಡಿಯಲ್ಲಿ ಹೆಚ್ಚೇನೂ ಇರಲಿಲ್ಲ. ಬಳ್ಳಾರಿ ಜಾಲಿಯ ಬುಡದ್ದೇ ಬೇರೆ. ತರಗಿನ ಕೆಳಗೆ ಕಂದುಬಣ್ಣದ ಸ್ಪ್ರಿಂಗ್‌ಟೈಲ್‌ ಎಂಬ ಪುಟ್ಟ ಹುಳಗಳು, ಮುಟ್ಟಿದರೆ ಬಾಲ ಚಿಮ್ಮಿಸಿ ಚಂಗನೆ ಹಾರುವಂಥವು. ಒಂದಡಿ ಕೆಳಗೆ, ಕೂದಲಿನಂಥ ಬೇರುಗಳ ನಡುವೆ ಅವುಗಳದ್ದೇ ದಾಯಾದಿಗಳು: ಬೆಳ್ಳಗೆ, ಸಣಕಲು, ಕಣ್ಣಿಲ್ಲ, ಹಾರುವ ಬಾಲವೂ ಮೋಟು. ಕತ್ತಲಲ್ಲಿ, ಸಂದಿಯಲ್ಲಿ ಹಾರಿ ಹೋಗುವುದಾದರೂ ಎಲ್ಲಿಗೆ? ಜೊತೆಗೆ ಮೆತ್ತನೆ ಮೈಯ, ಎಂಟು ಕಾಲಿನ ನುಸಿಗಳು (ಮೈಟ್). ಹಾಗಾಗಿ ಇಂಚಿನ ಲೆಕ್ಕಕ್ಕಿಂತ ಬೇರು ಎಲ್ಲಿಗೆ ಇಳಿದಿದೆ ಎಂಬುದನ್ನೇ ನಾನೀಗ ಮೊದಲು ನೋಡುವುದು. ಇದೇ ಜಾಲಿಯ ಹತ್ತಿರದ ನೆಂಟ ಮೆಸ್ಕೀಟ್. ಅಮೆರಿಕದ ಚಿಹುವಾಹುವಾ ಮರುಭೂಮಿಯಲ್ಲಿ ಅದರ ಬೇರಿನ ಜಾಡಿನಲ್ಲಿ 10 ಮೀಟರಿಗಿಂತ ಆಳದಲ್ಲೂ ನುಸಿಗಳು ಸಿಕ್ಕಿವೆ. ನನ್ನ ಮೂರಡಿ ಏನೇನೂ ಅಲ್ಲ. ಗೆದ್ದಲನ್ನು ಮಾತ್ರ ಯಾವ ಪದರಕ್ಕೂ ಕಟ್ಟಿಹಾಕಲಾಗದು. ಕೆಳಗಿನ ಹಸಿಮಣ್ಣನ್ನೇ ಹೊತ್ತು ಮೇಲೆ ಬರುವ ಜಾತಿ.

ಇನ್ನು ನೆಮಟೋಡ್, ಬರಿಗಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಹುಳ. ಮಣ್ಣು ಒಣಗಿದರೆ ಚಕ್ಕುಲಿಯಂತೆ ಸುರುಳಿ ಸುತ್ತಿ ಮಲಗುತ್ತದೆ. ನೀರಿನಲ್ಲಿ ನೆನೆಸಿ ತೆಗೆದರೆ ಎದ್ದು ನೆಟ್ಟಗಾಗುವುದರಿಂದ ಯಾವ ಆಳದಲ್ಲಿ ಎಷ್ಟು ಮಲಗಿದ್ದವೆಂದು ತಿಳಿಯುವುದಿಲ್ಲ. ಗಟ್ಟಿ ಸಕ್ಕರೆ ದ್ರಾವಣದಲ್ಲಿ ತೇಲಿಸಿದರೆ ಸುರುಳಿ ಬಿಚ್ಚದು. ಒಮ್ಮೆ ಆ ಪಾಕ ಮೇಜಿನ ಮೇಲೆ ಚೆಲ್ಲಿ, ಬೆಳಿಗ್ಗೆ ಬರುವಷ್ಟರಲ್ಲಿ ಲ್ಯಾಬಿನ ಗೋಡೆಯ ಇರುವೆಗಳೆಲ್ಲ ಮಣ್ಣಿನ ತಟ್ಟೆಗಳೊಳಗೆ ಇಳಿದಿದ್ದವು. ಆ ವಾರದ ಇರುವೆ ಕಾಲಂ ಈಗಲೂ ಖಾಲಿಯಿದೆ.