ನಾಲೆ ಬಯಲಿನ ಹಳ್ಳ ನೋಡುವ ಬಗೆ

ಮಂಡ್ಯ, ಶ್ರೀರಂಗಪಟ್ಟಣದ ಕಡೆ ಹಳ್ಳದ ಜಾಡು ಹಿಡಿದು ಹೊರಡುವ ಮೊದಲು ನಾಲೆಯಲ್ಲಿ ನೀರು ಬಿಟ್ಟಿದ್ದಾರೋ ಇಲ್ಲವೋ ಕೇಳಿಕೊಳ್ಳಿ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಗದ್ದೆಗಳ ಬಸಿನೀರು ಹಳ್ಳಕ್ಕೇ ಇಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಹರಿಯುತ್ತದೆ ಅಂದಮಾತ್ರಕ್ಕೆ ಅದು ಒರತೆಯ ನೀರಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟಾಗೊಮ್ಮೆ, ನಿಲ್ಲಿಸಿ ವಾರವಾದ ಮೇಲೊಮ್ಮೆ ಒಂದೇ ಜಾಗದಲ್ಲಿ ಹರಿವು ಅಳೆದು ಹೋಲಿಸಿ. ನಡುವೆ ಮಳೆ ಬಂದಿದ್ದರೆ ಲೆಕ್ಕ ಕೆಟ್ಟಿತು, ಮುಂದಿನ ಕಟ್ಟಿಗೆ ಕಾಯಬೇಕು.

ಅಳತೆಗೆ ತಿರುವಿಲ್ಲದ, ಜೊಂಡಿಲ್ಲದ 10 ಮೀಟರ್ ಜಾಗ ಸಾಕು. ಎರಡು ಕಡೆ ಕೋಲು ನೆಟ್ಟು, ಮೇಲಿನ ಕೋಲಿಗಿಂತ ಎರಡು ಮೀಟರ್ ಹಿಂದೆ ಕಿತ್ತಳೆಹಣ್ಣು ಬಿಡಿ. ಎಲೆ, ಥರ್ಮಾಕೋಲ್ ಬೇಡ, ಗಾಳಿ ತಳ್ಳುತ್ತದೆ. ಕಿತ್ತಳೆ ಬಹುಪಾಲು ಮುಳುಗಿ ನೀರಿನ ವೇಗದಲ್ಲೇ ಸಾಗುತ್ತದೆ. ಮೂರು ಸಲ ಬಿಟ್ಟು ಸರಾಸರಿ ತೆಗೆಯಿರಿ. ಆಳವನ್ನು ದಡದಿಂದ ದಡಕ್ಕೆ ಐದು ಕಡೆ ನೋಡಿ. ಅಗಲ 3 ಮೀಟರ್, ಸರಾಸರಿ ಆಳ 0.4 ಮೀಟರ್, ಹಣ್ಣಿಗೆ 25 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.4 ಮೀಟರ್. ಅಗಲ, ಆಳ, ವೇಗ ಮೂರನ್ನೂ ಗುಣಿಸಿ. ತಳದ ನೀರು ನಿಧಾನ, ಆದ್ದರಿಂದ ಬಂದದ್ದನ್ನು 0.85ರಿಂದ ಗುಣಿಸಿ: ಸೆಕೆಂಡಿಗೆ ಸುಮಾರು 408 ಲೀಟರ್, ಅಂದರೆ 14 ಕ್ಯೂಸೆಕ್ ಚಿಲ್ಲರೆ. ಕಲ್ಲು ತುಂಬಿದ ತಳವಾದರೆ 0.8 ಹಿಡಿಯಿರಿ.

ನೀರಿನ ಬಣ್ಣವೂ ಸುಳಿವು ಕೊಡುತ್ತದೆ. ನಾಗಮಂಗಲದ ಕಡೆಯಿಂದ ಬಂದು ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುವ ಲೋಕಪಾವನಿ ಕೆಂಪಗೆ ತುಂಬಿ ಬಂದರೆ ಮೇಲೆ ಬೆದ್ದಲಿನಲ್ಲಿ ಮಳೆಯಾಗಿದೆ. ತಗ್ಗು ಗದ್ದೆಯಂಚಿನಲ್ಲಿ ಒಣಗಿದ ಮೇಲೆ ಬಿಳಿ ಪುಡಿ ಕಂಡರೆ ಅದು ಸವುಳು, ಅಂದರೆ ಉಪ್ಪುಗಟ್ಟಿದ ಮಣ್ಣು. ನೀರು ಬಸಿಯದೆ ನಿಂತಿದೆ.

ಪ್ರವಾಹದ ಮಟ್ಟಕ್ಕೆ ಹೊಂಗೆ, ಹೊಳೆಮತ್ತಿಯ ಕೊಂಬೆಗೆ ಸಿಕ್ಕ ಹುಲ್ಲು, ಪ್ಲಾಸ್ಟಿಕ್ ನೋಡಿ. ಹಳ್ಳ ಕಾವೇರಿ ಸೇರುವ ಸಂಗಮದ ಹತ್ತಿರ ಮಾತ್ರ ಎಚ್ಚರ: ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ಕಾವೇರಿ ಹಳ್ಳದೊಳಕ್ಕೆ ಹಿಮ್ಮುಖವಾಗಿ ಏರುತ್ತದೆ, ಆ ಗುರುತು ಹಳ್ಳದ್ದಲ್ಲ.

ತಿರುವಿನ ಹೊರದಡ ಕೊರೆದು ಕಡಿದಾಗಿರುತ್ತದೆ, ಒಳದಡದಲ್ಲಿ ಮರಳು ಕೂರುತ್ತದೆ. ಅಂಥ ಕಡಿದಾದ ಮಣ್ಣಿನ ದಡದಲ್ಲೇ ಕಳ್ಳಿಪೀರ ಹಕ್ಕಿಗಳು ಬಿಲ ತೋಡುವುದು. ನೀಲಿಬಾಲದವು ನಗುವನಹಳ್ಳಿ ಬಳಿ ಗುಂಪಾಗಿ ಮರಿ ಮಾಡುತ್ತವೆ. ಬಿಲ ಒಂದು ಮೀಟರಿಗೂ ಉದ್ದ ಇರುವುದರಿಂದ ದಡದ ಮೇಲಂಚಿನಲ್ಲಿ ನಿಂತರೆ ಕುಸಿಯುತ್ತದೆ. ಎದುರು ದಡದಿಂದ ದುರ್ಬೀನಿನಲ್ಲಿ ನೋಡಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣವು, ಕೋಲು ಊರದೆ ಹೆಜ್ಜೆ ಇಡಬೇಡಿ. ಕಾವೇರಿಯ ಮಡುಗಳಲ್ಲಿ ಮೊಸಳೆ ಇವೆ, ಸಂಗಮದಲ್ಲಿ ನೀರಿಗಿಳಿಯುವ ಕೆಲಸ ಬೇಡವೇ ಬೇಡ.