ಸಿಂಗಲ್ ಸ್ಪೀಡ್ ಸೈಕಲ್‌ಗೆ ಹಲ್ಲಿನ ಲೆಕ್ಕ: 46/16ರಿಂದ 46/20ಕ್ಕೆ

ಒಂದೇ ಗೇರಿನ ಸಿಂಗಲ್ ಸ್ಪೀಡ್ ಸೈಕಲ್ ನೋಡಿದವರು ಮೊದಲು ಕೇಳುವುದು "ಎಷ್ಟು ಸ್ಪೀಡ್ ಹೋಗುತ್ತೆ?" ಅಂತ. ದಿನಾ ಆಫೀಸಿಗೆ ಓಡಿಸುವ ಸೈಕಲ್‌ಗೆ ಅದು ಕೊನೆಯ ಪ್ರಶ್ನೆ. ದಾರಿಯ ಅತಿ ಕಡಿದಾದ ಏರನ್ನು ಸೀಟಿನ ಮೇಲೆ ಕೂತೇ ಹತ್ತಲು ಆಗುತ್ತದೆಯೇ, ಹಸಿರು ದೀಪ ಬಿದ್ದಾಗ ಹಿಂದಿನ ಆಟೋ ಹಾರ್ನ್ ಹೊಡೆಯುವ ಮೊದಲು ಹೊರಡಲು ಆಗುತ್ತದೆಯೇ ಎಂಬುದನ್ನು ನೋಡಿಕೊಂಡೇ ನಾನು ಹಲ್ಲಿನ ಸಂಖ್ಯೆ ನಿಗದಿ ಮಾಡಿದ್ದು.

ಲೆಕ್ಕ ಸುಲಭ. ಮುಂದಿನ ಚೈನ್‌ವೀಲಿನ ಹಲ್ಲುಗಳನ್ನು ಹಿಂದಿನ ಫ್ರೀವೀಲಿನ ಹಲ್ಲುಗಳಿಂದ ಭಾಗಿಸಿ, ಬಂದದ್ದನ್ನು ಹಿಂದಿನ ಚಕ್ರದ ಸುತ್ತಳತೆಗೆ ಗುಣಿಸಿದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎಂಬುದು ಸಿಗುತ್ತದೆ. 700x28 ಟೈರಿನ ಸುತ್ತಳತೆ 2.136 ಮೀಟರ್. ನನ್ನ ಸೈಕಲ್ ಅಂಗಡಿಯಿಂದ ಬಂದಿದ್ದು 46/16ರಲ್ಲಿ (ಮುಂದೆ 46 ಹಲ್ಲು, ಹಿಂದೆ 16), ಅಂದರೆ ಸುತ್ತಿಗೆ 6.14 ಮೀಟರ್. ಗಂಟೆಗೆ 20 ಕಿ.ಮೀ. ಹೋಗಲು ನಿಮಿಷಕ್ಕೆ 54 ಸುತ್ತು ತುಳಿದರೆ ಸಾಕು. ಕೇಳಲು ಆರಾಮ ಅನ್ನಿಸುತ್ತದೆ, ಆದರೆ ಮಂಡಿಗೆ ಅದು ಆರಾಮವಲ್ಲ. ಕಾಲು ನಿಧಾನವಾಗಿ ತಿರುಗಿದಷ್ಟೂ ಪ್ರತಿ ತುಳಿತಕ್ಕೆ ಬಲ ಹೆಚ್ಚು ಬೇಕು. 70ರಿಂದ 85 ಸುತ್ತು ಸಾಮಾನ್ಯ ಸವಾರನಿಗೆ ಹಿತವಾದ ಲಯ.

ಏರನ್ನು ಅಳೆಯದೆ ಫ್ರೀವೀಲ್ ಕೊಳ್ಳಬೇಡಿ. ಬೆಂಗಳೂರು ನೋಡಲು ಸಮತಟ್ಟು, ಕೆರೆ ಕೆಳಗಿನ ತಗ್ಗುಗಳನ್ನು ದಾಟುವಾಗ ಮಾತ್ರ ಅದರ ಏರಿಳಿತ ಕಾಲಿಗೆ ಗೊತ್ತಾಗುತ್ತದೆ. ನನ್ನ ದಾರಿ ಒಂದು ಕಡೆಗೆ 9 ಕಿ.ಮೀ., 11 ಸಿಗ್ನಲ್, ರಾಜಕಾಲುವೆ ಸೇತುವೆ ದಾಟಿದ ಕೂಡಲೇ 150 ಮೀಟರ್ ಏರು. ಇಷ್ಟು ಚಿಕ್ಕ ಏರಿಗೆ ಫೋನಿನ ಮ್ಯಾಪ್ ಕೊಡುವ ಎತ್ತರ ನಂಬುವಂಥದ್ದಲ್ಲ. ಗಾರೆ ಮೇಸ್ತ್ರಿಯ ರಸಮಟ್ಟವೇ ವಾಸಿ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ಏರಿನ ದಿಕ್ಕಿಗೆ ರಸ್ತೆ ಮೇಲಿಟ್ಟು, ಅದರ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರುವವರೆಗೆ ಕೆಳಗಿನ ತುದಿಯನ್ನು ಎತ್ತಿ. ಆ ತುದಿಗೂ ರಸ್ತೆಗೂ ನಡುವಿನ ಅಂತರ 6 ಸೆಂ.ಮೀ. ಇದ್ದರೆ ಅದು ಶೇಕಡಾ 6ರ ಏರು. ಹಂಪು, ಹೊಂಡ ಬಿಟ್ಟು ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಿರಿ. ಭಾನುವಾರ ಬೆಳಗ್ಗೆ ಆರಕ್ಕೆ ಹೋದರೆ ಯಾರೂ ಬಂದು ಏನು ಸರ್ವೆ ಅಂತ ಕೇಳುವುದಿಲ್ಲ.

ನನಗೆ ಸಿಕ್ಕಿದ್ದು 6. ಸವಾರ, ಸೈಕಲ್, ಲ್ಯಾಪ್‌ಟಾಪ್ ಬ್ಯಾಗ್ ಸೇರಿ 85 ಕೆಜಿ. ಅದರ ಶೇಕಡಾ 6 ಅಂದರೆ 5.1 ಕೆಜಿ. ಟೈರಿನ ಎಳೆತ, ಗಾಳಿ ಸೇರಿಸಿದರೆ ಸೈಕಲನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 6 ಕೆಜಿ. 170 ಮಿ.ಮೀ. ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳು) ಪಾದ ಒಂದು ಸುತ್ತಿಗೆ 1.07 ಮೀಟರ್ ಸಾಗುತ್ತದೆ. 46/16ರಲ್ಲಿ ಆ ಹೊತ್ತಿಗೆ ಸೈಕಲ್ 6.14 ಮೀಟರ್ ಹೋಗಬೇಕು, ಹಾಗಾಗಿ ಪೆಡಲಿಗೆ ಬೀಳಬೇಕಾದ ಬಲ ಸರಾಸರಿ 34 ಕೆಜಿ. ಪೆಡಲ್ ಮೇಲೆ-ಕೆಳಗೆ ಇರುವಾಗ ಒತ್ತಡ ಬೀಳದ ಕಾರಣ, ಕ್ರ್ಯಾಂಕ್ ಅಡ್ಡ ಇರುವ ಗಳಿಗೆಯಲ್ಲಿ ಅದು 50 ಕೆಜಿ ದಾಟುತ್ತದೆ. ಹ್ಯಾಂಡಲ್ ಎಳೆದುಕೊಂಡು, ಎದ್ದು ನಿಂತು ತುಳಿಯದೆ ಗತಿಯಿಲ್ಲ.

ಇದಕ್ಕಿಂತ ಕೆಲಸಕ್ಕೆ ಬರುವ ಲೆಕ್ಕ ಏರಿನಲ್ಲಿ ಕಾಲು ಎಷ್ಟು ನಿಧಾನವಾಗುತ್ತದೆ ಎಂಬುದು. ಏದುಸಿರಿಲ್ಲದೆ 180 ವ್ಯಾಟ್ ಶಕ್ತಿ ಕೊಡಬಲ್ಲ ಸವಾರ ಈ ಏರಿನಲ್ಲಿ ಗಂಟೆಗೆ ಸುಮಾರು 11 ಕಿ.ಮೀ. ಹೋಗುತ್ತಾನೆ. ಆಗ 46/16ರಲ್ಲಿ ನಿಮಿಷಕ್ಕೆ 30 ಸುತ್ತು, 46/18ರಲ್ಲಿ 34, 46/20ರಲ್ಲಿ 37. ಮೂವತ್ತಕ್ಕೆ ಇಳಿದರೆ ಸೈಕಲ್ ಅತ್ತಿತ್ತ ವಾಲುತ್ತದೆ, ಪಕ್ಕದಲ್ಲಿ ಬಸ್ಸಿದ್ದರೆ ಅದು ಅಪಾಯ. 35ರ ಮೇಲಿದ್ದರೆ ಕೂತು ಹತ್ತಬಹುದು. ನಾನು ಮೊದಲು 18 ಹಾಕಿ ಎರಡು ವಾರ ನೋಡಿದೆ. ಏರು ಪರವಾಗಿಲ್ಲ, ಆದರೆ ಸಂಜೆ ಹನ್ನೊಂದು ಸಿಗ್ನಲ್ ಮುಗಿಸುವಾಗ ಮಂಡಿಯ ಮುಂಭಾಗ ಬಿಗಿಯುತ್ತಿತ್ತು. 20ಕ್ಕೆ ಬಂದ ಮೇಲೆ ಅದು ನಿಂತಿತು. ಸುತ್ತಿಗೆ 4.91 ಮೀಟರ್, 20 ಕಿ.ಮೀ. ವೇಗಕ್ಕೆ 68 ಸುತ್ತು, 25ಕ್ಕೆ 85. ಮೂವತ್ತಕ್ಕೆ 102 ಬೇಕು, ಅಲ್ಲಿ ಕಾಲು ಸೋಲುತ್ತದೆ. ಇಳಿಜಾರಲ್ಲಿ ತುಳಿಯುವುದು ಬಿಟ್ಟರಾಯಿತು, ಫ್ರೀವೀಲ್ ಇರುವುದೇ ಅದಕ್ಕೆ.

ಹಾಲು, ಪೇಪರ್ ಹಾಕುವವರ ಹಳೇ 28 ಇಂಚಿನ ಕರಿ ಸೈಕಲ್‌ನಲ್ಲಿ ಸಾಮಾನ್ಯವಾಗಿ ಇರುವುದು 44/18. ಚಕ್ರ ದೊಡ್ಡದಾದ್ದರಿಂದ ಅದು ಸುತ್ತಿಗೆ ಸುಮಾರು ಐದೂವರೆ ಮೀಟರ್, ನನ್ನ 46/18ರಷ್ಟೇ. ಹೊರೆ ಹೊತ್ತು ಸಮತಟ್ಟಾದ ಊರಲ್ಲಿ ನಿಧಾನಕ್ಕೆ ಹೋಗಲು ಸರಿ. ರಾಯಚೂರಿನ ಬಯಲಿಗೆ ನಾನೂ 18ನ್ನೇ ಹೇಳುತ್ತೇನೆ. ಮಂಗಳೂರಿನ ಕದ್ರಿ, ಬಾವುಟಗುಡ್ಡ ಕಡೆಯವರಿಗೆ 22 ಹೇಳಬಹುದು, ಆದರೆ ಅಲ್ಲಿ ಗೇರ್ ಸೈಕಲ್ ಕೊಳ್ಳುವುದೇ ಬುದ್ಧಿವಂತಿಕೆ.

ಬದಲಿಸುವುದಾದರೆ ಹಿಂದೆ ಬದಲಿಸಿ. ಹಿಂದಿನ ಒಂದು ಹಲ್ಲು ಶೇಕಡಾ 5-6 ವ್ಯತ್ಯಾಸ ತರುತ್ತದೆ, ಮುಂದಿನದು ಬರೀ 2. ಆಣಿ ಬಡಿದು ಕೂರಿಸುವ ಕಾಟರ್ ಪಿನ್ ಕ್ರ್ಯಾಂಕ್ ಇದ್ದರಂತೂ ಚೈನ್‌ವೀಲ್ ಕ್ರ್ಯಾಂಕಿಗೇ ಅಂಟಿಕೊಂಡು ಬರುತ್ತದೆ, ಎರಡನ್ನೂ ಕೊಳ್ಳಬೇಕು.

ಫ್ರೀವೀಲ್ ಬಿಚ್ಚುವಲ್ಲಿ ಹೆಚ್ಚಿನವರು ಎಡವುತ್ತಾರೆ. ಅದರಲ್ಲಿ ಎರಡು ಕಚ್ಚು ಇದೆಯೋ ನಾಲ್ಕೋ ನೋಡಿ, ಆ ಕಚ್ಚಿಗೆ ಕೂರುವ ರಿಮೂವರ್ (ಫ್ರೀವೀಲ್ ಬಿಚ್ಚುವ ಉಪಕರಣ) ತನ್ನಿ. ರಿಮೂವರನ್ನು ಕಚ್ಚಿಗೆ ಕೂರಿಸಿ, ಮೇಲೆ ಆ್ಯಕ್ಸಲ್ ನಟ್ ಹಾಕಿ ಕೈಯಲ್ಲೇ ಬಿಗಿ ಮಾಡಿ. ಅದಿಲ್ಲದಿದ್ದರೆ ರಿಮೂವರ್ ಜಾರಿ ಕಚ್ಚು ಸವೆದುಹೋಗುತ್ತದೆ, ಆಮೇಲೆ ಚಿಸೆಲ್ ಒಂದೇ ದಾರಿ. ರಿಮೂವರನ್ನು ಬೆಂಚ್ ವೈಸಿಗೆ ಕಚ್ಚಿಸಿ, ಚಕ್ರವನ್ನೇ ಬಸ್ಸಿನ ಸ್ಟೇರಿಂಗ್ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ಒಮ್ಮೆ "ಟಕ್" ಎಂದು ಸಡಿಲಿಸಿದ ಕೂಡಲೇ ನಿಲ್ಲಿಸಿ, ನಟ್ ಅರ್ಧ ಸುತ್ತು ಬಿಚ್ಚಿ ಮುಂದುವರಿಸಿ. ಫ್ರೀವೀಲಿನ ಮುಖದಲ್ಲಿ ಎರಡು ಸಣ್ಣ ತೂತಿರುವ ಬಿಲ್ಲೆಗೆ ಕೈ ಹಾಕಬೇಡಿ. ಅದರ ಮರೆ (ತಿರುಪಿನ ಗೆರೆ) ಉಲ್ಟಾ, ಬಿಚ್ಚಿದರೆ ಒಳಗಿನ ಗೋಲಿಗಳೆಲ್ಲ ನೆಲದ ಮೇಲೆ. ಹೊಸದನ್ನು ಹಾಕುವ ಮುನ್ನ ಚಕ್ರದ ನಡುವಿನ ಹಬ್ಬಿನ ಮರೆಗೆ ಗ್ರೀಸ್ ಸವರಿ, ಮೊದಲ ಮೂರು ಸುತ್ತು ಕೈಯಲ್ಲೇ ಹತ್ತಿಸಿ. ಅಡ್ಡ ಹತ್ತಿದರೆ ಅಲ್ಯೂಮಿನಿಯಂ ಹಬ್ ಹಾಳು.

ಹಿಂದೆ ಒಂದು ಹಲ್ಲು ಹೆಚ್ಚಿಸಿದರೆ ಆ್ಯಕ್ಸಲ್ ಸುಮಾರು 3.2 ಮಿ.ಮೀ. ಮುಂದೆ ಬರಬೇಕು. 18ರಿಂದ 20ಕ್ಕೆ ಅದು 6 ಮಿ.ಮೀ., ಬ್ರೇಕ್ ರಬ್ಬರ್ ರಿಮ್ಮಿನಿಂದ ಸರಿದು ಟೈರಿಗೆ ತಾಗುತ್ತದೆಯೇ ನೋಡಿಕೊಳ್ಳಿ. 16ರಿಂದ 20ಕ್ಕೆ ನಾಲ್ಕು ಹಲ್ಲು, ಹೆಚ್ಚುಕಮ್ಮಿ 12.7 ಮಿ.ಮೀ. ಚೈನಿಗೆ ಒಂದು ಜೊತೆ ಕೊಂಡಿ ಸೇರಿಸಿದರೆ ಆ್ಯಕ್ಸಲ್ ಅಷ್ಟೇ ಹಿಂದೆ ಹೋಗಿ ಚಕ್ರ ಮೊದಲಿದ್ದ ಜಾಗಕ್ಕೇ ಬರುತ್ತದೆ. ನನ್ನದರಲ್ಲಿ 98 ಕೊಂಡಿ ಇದ್ದದ್ದು 100 ಆಯಿತು. ಹಳೇ ಚೈನಿಗೆ ಎರಡು ಹೊಸ ಕೊಂಡಿ ಸೇರಿಸುವ ಕಂಜೂಸಿತನ ಬೇಡ. 12 ಇಂಚಿನ ಸ್ಟೀಲ್ ಸ್ಕೇಲಿನಲ್ಲಿ ಪಿನ್ನಿಂದ ಪಿನ್ನಿಗೆ ಅಳೆದಾಗ 24 ಕೊಂಡಿ 12 ಇಂಚಿಗಿಂತ 1/16 ಇಂಚು ಹೆಚ್ಚಿದ್ದರೆ ಆ ಚೈನ್ ಬದಲಿಸಿ. ಸವೆದ ಚೈನ್ ಹೊಸ ಫ್ರೀವೀಲಿನ ಹಲ್ಲನ್ನೂ ಬೇಗ ಸವೆಸುತ್ತದೆ. ಫ್ರೀವೀಲ್ 1/8 ಇಂಚಿನದಾದರೆ ಚೈನೂ 1/8 ಇರಬೇಕು, 3/32ರ ಚೈನ್ ಆ ದಪ್ಪ ಹಲ್ಲಿಗೆ ಕೂರುವುದಿಲ್ಲ.

ಬಿಗಿ ನೋಡುವಾಗ ಪೆಡಲನ್ನು ನಿಧಾನಕ್ಕೆ ಪೂರ್ತಿ ಸುತ್ತು ತಿರುಗಿಸಿ. ಚೈನ್‌ವೀಲ್ ಸ್ವಲ್ಪ ವಕ್ರ ಇರುವುದರಿಂದ ಒಂದು ಕಡೆ ಚೈನ್ ಬಿಗಿಯುತ್ತದೆ. ಆ ಜಾಗದಲ್ಲಿ ಚೈನಿನ ನಡುಭಾಗ ಮೇಲೆ-ಕೆಳಗೆ ಸೇರಿ 10-12 ಮಿ.ಮೀ. ಆಡಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗ್ ಗರಗರ ಅನ್ನುತ್ತದೆ, ಸಡಿಲಾದರೆ ಹಂಪಿನ ಮೇಲೆ ಚೈನ್ ಕಳಚುತ್ತದೆ. ಫ್ರೀವೀಲ್ ತುಳಿದಂತೆ ಇನ್ನಷ್ಟು ಒಳಗೆ ಕಚ್ಚಿಕೊಳ್ಳುತ್ತದೆ, ಹೊಸ ಚೈನೂ ತುಸು ಉದ್ದವಾಗುತ್ತದೆ. ಆದ್ದರಿಂದ ಮೊದಲ 100 ಕಿ.ಮೀ. ಆದ ಮೇಲೆ ಹಿಂದಿನ ನಟ್ ಬಿಚ್ಚಿ ಇನ್ನೊಮ್ಮೆ ಬಿಗಿ ಮಾಡಿ, 15 ನಂಬರ್ ಸ್ಪ್ಯಾನರ್ ಬ್ಯಾಗಿನಲ್ಲಿರಲಿ.